ಮಾಸ್ತರರು ಹೇಳದೇ ಹೋದ ಹೆಸರು

ಮೊನ್ನೆ ಗುಜರಿಯವನೊಬ್ಬ ತಳ್ಳುಗಾಡಿಯ ಮೇಲೆ ಒಂದು ಹಳೆಯ ಟೈಪ್‌ರೈಟರ್ ಹೇರಿಕೊಂಡು ಬಂದು ನನ್ನ ಅಂಗಡಿಯ ಮುಂದೆ ನಿಲ್ಲಿಸಿದ. ಅದನ್ನು ಬಿಚ್ಚಿ ಮಾರಬೇಕಿತ್ತಂತೆ. ತಳದ ಸ್ಕ್ರೂ ತುಕ್ಕು ಹಿಡಿದು ಜಪ್ಪಯ್ಯ ಅಂದರೂ ಅಲುಗುತ್ತಿರಲಿಲ್ಲ. ಬೈಲಹೊಂಗಲದ ಬಜಾರಿನಲ್ಲಿ ಏನು ಬಿಚ್ಚದಿದ್ದರೂ ಜನ ಈ ಮುದುಕನ ಸೈಕಲ್ ಅಂಗಡಿಗೇ ತರುತ್ತಾರೆ. ನಾನು ಎಣ್ಣೆಯ ಕುಪ್ಪಿ ತೆಗೆದು ನಾಲ್ಕು ಹನಿ ಬಿಟ್ಟೆ. ಎಣ್ಣೆ ಒಳಗಿಳಿದು ಹಳೆಯ ರಿಬ್ಬನ್ನಿನ ಮಸಿಗೆ ತಾಗಿತೋ ಏನೋ, ಒಂದು ವಾಸನೆ ಎದ್ದಿತು... ಸ್ಕ್ರೂಡ್ರೈವರ್ ಹಿಡಿದ ಕೈ ಹಾಗೇ ನಿಂತಿತು. ಎಷ್ಟೋ ವರ್ಷವಾಗಿತ್ತು ಆ ವಾಸನೆ ಮೂಗಿಗೆ ಬಡಿದು. ಅದು ಟೈಪಿಂಗ್ ಮಾಸ್ತರರ ಅಂಗಿಯ ವಾಸನೆ.

ಅವರನ್ನು ಬದುಕಿದ್ದಾಗಲೂ ಯಾರೂ ಹೆಸರು ಹಿಡಿದು ಕರೆದದ್ದಿಲ್ಲ. ಊರಿಗೆಲ್ಲ ಅವರು ಟೈಪಿಂಗ್ ಮಾಸ್ತರರೇ. ನನ್ನ ಅಂಗಡಿಯ ಎದುರಿಗೆ, ಕಿರಾಣಿ ಅಂಗಡಿಯ ಮಾಳಿಗೆಯ ಮೇಲೆ ಅವರ ಕ್ಲಾಸು. ತೊಂಬತ್ತರ ದಶಕದಲ್ಲಿ ಎಸ್ಸೆಸ್ಸೆಲ್ಸಿ ಮುಗಿಸಿದ ಹುಡುಗ ಹುಡುಗಿಯರೆಲ್ಲ ಅಲ್ಲಿಗೇ ಬರುತ್ತಿದ್ದರು. ಬೆಳಗ್ಗೆ ಅಲ್ಲಿ ಕಟಕಟ ಶುರುವಾದರೆ ನಮ್ಮ ಬೀದಿಗೆ ಬೇರೆ ಗಡಿಯಾರ ಬೇಕಿರಲಿಲ್ಲ. ಮೊದಲ ಸಲ ಅವರು ನನ್ನ ಅಂಗಡಿ ಹತ್ತಿದ್ದು ಮಶಿನ್ನುಗಳಿಗೆ ತೆಳ್ಳನೆಯ ಎಣ್ಣೆ ಕೇಳಲು. ಬಗಲಲ್ಲಿ ಪೇಪರಿನ ರಟ್ಟು ಹಾಕಿದ ಒಂದು ಪುಸ್ತಕವಿತ್ತು. ಹಣೆಯಲ್ಲಿ ಗಂಧ, ಹೂಲಿಯ ಪುರಾಣಿಕರ ಮನೆತನ. ಪೋಥಿಯೋ ಪಂಚಾಂಗವೋ ಇರಬೇಕೆಂದು ನಾನು ದೂರದಿಂದಲೇ ಮರ್ಯಾದೆ ಕೊಟ್ಟೆ. ಅವರು ಎಣ್ಣೆ ಬಗ್ಗಿಸಿಕೊಳ್ಳುವಾಗ ಪುಸ್ತಕ ಗಲ್ಲೆಯ ಮೇಲೆ ತೆರೆದುಕೊಂಡಿತು. ಒಳಗಿನ ಚಿತ್ರದಲ್ಲಿ ಒಂದು ಹೆಣ, ಒಂದು ಚೂರಿ, ಬಾಗಿಲ ಸಂದಿಯಲ್ಲಿ ಯಾರದೋ ಬೂಟು. ನನಗೆ ನಗು ತಡೆಯಲಾಗಲಿಲ್ಲ. ಅವರೂ ನಕ್ಕರು.

"ನಮ್ಮಪ್ಪ ಪುರಾಣ ಹೇಳಿದ್ರು, ನಾ ಇದನ್ನ ಹಿಡದೇನಿ," ಎಂದರು. "ಎರಡರಾಗೂ ಕೊಲಿ ತಪ್ಪೂದಿಲ್ರಿ."

ಅಲ್ಲಿಂದ ನಮ್ಮ ದೋಸ್ತಿ. ನನಗೂ ಪತ್ತೇದಾರಿ ಕಾದಂಬರಿಯ ಹುಚ್ಚು ಮೊದಲಿನಿಂದ ಇತ್ತು. ಆದರೆ ನನ್ನ ಕೈ ಸದಾ ಗ್ರೀಸಿನಲ್ಲಿ ಅದ್ದಿದ್ದು. ನಾನು ಬಾಡಿಗೆಗೆ ತಂದು ಓದಿ ಮರಳಿಸಿದ ಪುಸ್ತಕದ ಪ್ರತಿ ಹಾಳೆಯ ಮೇಲೂ ಕರಿ ಹೆಬ್ಬೆಟ್ಟು ಇರುತ್ತಿತ್ತು. ಬಸ್‌ಸ್ಟ್ಯಾಂಡಿನ ಬುಕ್‌ಸ್ಟಾಲಿನವನು, ಕೊಲೆಗಾರನನ್ನು ಆಮೇಲೆ ಹುಡುಕೋಣ, ಮೊದಲು ನಿಮ್ಮನ್ನು ಹಿಡಿದು ಕೊಡುತ್ತೇನೆ ಎಂದು ಬೈಯುತ್ತಿದ್ದ. ಅದಕ್ಕೇ ಮಾಸ್ತರರು ಒಂದು ವ್ಯವಸ್ಥೆ ಮಾಡಿದರು. ಅವರು ಓದುವುದು, ನಾನು ಚಕ್ರದ ಕಡ್ಡಿ ಬಿಗಿಯುತ್ತ ಕೇಳುವುದು. ಮಧ್ಯಾಹ್ನ ಅವರ ಕ್ಲಾಸಿಗೆ ಬಿಡುವು, ನನ್ನ ಗಿರಾಕಿಗಳಿಗೆ ನಿದ್ದೆ. ಅಂಗಡಿಯ ಕಬ್ಬಿಣದ ಖುರ್ಚಿಯಲ್ಲಿ ಕುಳಿತು ಅವರು ಪುಸ್ತಕ ತೆರೆದರೆ ಅದು ಓದಲ್ಲ, ಪುರಾಣವೇ. ಇನ್ಸ್‌ಪೆಕ್ಟರಿಗೆ ಒಂದು ದನಿ, ಮುದುಕಿಗೆ ಒಂದು ದನಿ, ಸಾಯುವವನಿಗೆ ಬೇರೆಯದೇ ದನಿ. ಸರಿಯಾಗಿ ಬಾಗಿಲು ಕಿರ್ರೆನ್ನುವ ಹೊತ್ತಿಗೆ ಓದು ನಿಲ್ಲಿಸಿ ನಿಧಾನವಾಗಿ ಅಡಿಕೆ ಹಾಕಿಕೊಳ್ಳುವರು. ಆಗ ಯಾರಾದರೂ ಪಂಚರ್ ಎಂದು ಬಂದರೆ ಇಬ್ಬರೂ ಸೇರಿ ಅವನನ್ನು ದುರುಗುಟ್ಟಿ ನೋಡುತ್ತಿದ್ದೆವು. ನನ್ನ ವ್ಯಾಪಾರ ಎಷ್ಟು ಕೆಟ್ಟಿತೋ ಅಲ್ಲಾಹನೇ ಬಲ್ಲ.

ಒಂದು ರಿವಾಜನ್ನು ಅವರು ತಂದೆಯಿಂದ ತಂದಿದ್ದರು. ಪುರಾಣ ಹಚ್ಚಿದ ಮೇಲೆ ಕೊನೆಯ ಅಧ್ಯಾಯವನ್ನು ಹಾಗೇ ಓದಿ ಮುಗಿಸುವಂತಿಲ್ಲ. ಅಂದು ಮಂಗಲ. ಮೊದಲ ದಿನದಿಂದ ಕೇಳಿದವರೆಲ್ಲ ಬಂದು ಕೂತ ಮೇಲೇ ಮಂಗಲ. ಒಬ್ಬ ಮುದುಕಿ ಬರುವುದು ತಡವಾದರೂ ಅವರ ತಂದೆ ಕಾಯುತ್ತಿದ್ದರಂತೆ. ನಮ್ಮ ಪತ್ತೇದಾರಿಗೂ ಅದೇ ನೇಮ. ಕೊನೆಯ ಅಧ್ಯಾಯ ಬಂತೆಂದರೆ ಮಾಸ್ತರರು ಪುಸ್ತಕ ಮುಚ್ಚಿ, ಅದರ ಮೇಲೆ ಅಂಗೈ ಊರಿ, "ಹೇಳ್ರಿ ಸಾಹೇಬ್ರ, ಯಾರು?" ಎನ್ನುವರು. ನಾನು ಒಂದು ಹೆಸರು ಹೇಳಬೇಕು, ಅವರೂ ಹೇಳಬೇಕು. ಇಬ್ಬರೂ ಹೇಳುವ ತನಕ ಆ ಕೈ ಏಳುತ್ತಿರಲಿಲ್ಲ. ಸೋತವನು ಗಿರಮಿಟ್ಟು ಮಿರ್ಚಿ ತರಿಸಬೇಕು. ತರಿಸಿದ್ದು ನಾನೇ ಹೆಚ್ಚು.

ಆ ದಿನಗಳಲ್ಲೇ ಮೂರು ಭಾಗದ ಒಂದು ಕಾದಂಬರಿಯ ಮೊದಲ ಭಾಗ ಬಂತು. ಎಣ್ಣೆ ಗಿರಣಿಯ ಮಾಲೀಕನೊಬ್ಬ ತನ್ನ ಮನೆಯಲ್ಲೇ ವಿಷದಿಂದ ಸಾಯುತ್ತಾನೆ. ಮನೆಯಲ್ಲಿ ಅಳಿಯ, ಲೆಕ್ಕ ನೋಡುವ ಮುನೀಮ, ಸತ್ತವನ ವಿಧವೆ ತಂಗಿ, ದಿನಾ ಬಂದು ಹೋಗುವ ಡಾಕ್ಟರು, ಮತ್ತೆ ಒಬ್ಬ ತೋಟದ ಮಾಲಿ. ಮೊದಲ ಭಾಗದ ಕೊನೆಗೆ ಮಾಲಿ ಸಿಕ್ಕಿಬೀಳುತ್ತಾನೆ, ಆದರೆ ಅವನ ಕೈಗೆ ವಿಷ ಕೊಟ್ಟವರು ಯಾರೆಂದು ತಿಳಿಯುವುದಿಲ್ಲ. ಎರಡನೆಯ ಭಾಗದಲ್ಲಿ ಇನ್ನೇನು ಅವನು ಬಾಯಿ ಬಿಡಬೇಕು, ಅಷ್ಟರಲ್ಲಿ ಜೈಲಿನಲ್ಲೇ ಸಾಯುತ್ತಾನೆ. ಉಳಿದದ್ದು ಮೂರನೆಯ ಭಾಗದಲ್ಲಿ ಎಂದು ಅಚ್ಚು ಹಾಕಿ ಬರೆದವರು ಕೈ ತೊಳೆದುಕೊಂಡಿದ್ದರು. ಆ ಮೂರನೆಯದು ಮಾತ್ರ ಬರಲಿಲ್ಲ. ನಾನು ಬಸ್‌ಸ್ಟ್ಯಾಂಡಿನ ಕಡೆ ಹೋದಾಗಲೆಲ್ಲ ಬುಕ್‌ಸ್ಟಾಲಿನವನನ್ನು ಕೇಳುವೆ. ಬರುತ್ತದೆ ಎನ್ನುವನು. ಹೀಗೇ ವರ್ಷಗಳು ಹೋದವು.

ಮಾಸ್ತರರಿಗೆ ಆ ಚಿಂತೆ ಇರಲಿಲ್ಲ. ಎರಡನೆಯ ಭಾಗ ಮುಗಿದ ಮರುದಿನವೇ ಗಲ್ಲೆಗೆ ಒರಗಿ, ಕೊಂದವರು ಯಾರೆಂದು ತನಗೆ ತಿಳಿದುಹೋಗಿದೆ ಎಂದುಬಿಟ್ಟರು. ಯಾರು ಎಂದು ಕೇಳಿದೆ.

"ಈಗ ಹೇಳಿದ್ರ ಮೂರನೇದು ಯಾಕ ಓದೂದ್ರಿ? ಮಂಗಲದ ದಿನ ಹೇಳ್ತೇನಿ."

ನಾನು ಬಿಟ್ಟೆನೇ? ಯುಗಾದಿಗೆ ಬೇವು ಬೆಲ್ಲ ಕೊಡಲು ಬಂದಾಗ ಕೇಳಿದೆ, ಅವರು ರಮಜಾನಿಗೆ ನಮ್ಮ ಮನೆಗೆ ಬಂದು ಸುರಕುಂಬಾ ಕುಡಿಯುವಾಗ ಕೇಳಿದೆ. ನಾನಂತೂ ಡಾಕ್ಟರನೇ ಎಂದು ಮೊದಲೇ ಸಾರಿಬಿಟ್ಟಿದ್ದೆ. ವಿಷ ಬೇರೆ ಯಾರ ಕೈಗೆ ಸಿಗಬೇಕು? ಅದಕ್ಕೆ ಅವರು ಹೌದು ಅನ್ನರು, ಅಲ್ಲ ಅನ್ನರು. ಅಡ್ಡಗೋಡೆಯ ಮೇಲೆ ದೀಪ ಇಟ್ಟ ಹಾಗೆ ಒಂದು ಮಾತಾಡಿ ಮೀಸೆಯಲ್ಲೇ ನಗುವರು. ಒಮ್ಮೆ ಇಬ್ಬರೂ ಸವದತ್ತಿಗೆ ಒಂದು ಮದುವೆಗೆ ಹೊರಟಿದ್ದೆವು. ಬಸ್ಸು ಮುರಗೋಡ ದಾಟುವ ತನಕ ನಮ್ಮದು ಅದೇ ಚರ್ಚೆ: ವಿಷ ಹಾಲಿನಲ್ಲಿ ಹಾಕಿದ್ದೋ ಔಷಧಿಯಲ್ಲೋ, ಹಾಲಿನಲ್ಲಾದರೆ ಬೆಕ್ಕು ಯಾಕೆ ಸಾಯಲಿಲ್ಲ... ಮುಂದಿನ ಸೀಟಿನ ಅಜ್ಜಿಯೊಬ್ಬಳು ತಡೆಯಲಾರದೆ ಹೊರಳಿ, "ಯಾರಿಗೆ ಹಾಕಾಕ ಹೊಂಟೀರೋ ಯಪ್ಪಾ?" ಎಂದು ಕೇಳಿದಳು. ಮಾಸ್ತರರು ಆಕೆಗೆ ಕೈಮುಗಿದು, ಹಾಕಿ ಏಳು ವರ್ಷ ಆಯಿತು, ಹಾಕಿದವರು ಇನ್ನೂ ಸಿಕ್ಕಿಲ್ಲ ಎಂದರು. ಅಜ್ಜಿ ಗಂಟು ಎತ್ತಿಕೊಂಡು ಮುಂದೆ ಹೋಗಿ ಕೂತಳು. ಅವರು ಅಷ್ಟು ನಕ್ಕದ್ದನ್ನು ನಾನು ನೋಡಿದ್ದು ಅದೊಂದೇ ಸಲ.

ಎರಡು ಸಾವಿರ ದಾಟಿದ ಮೇಲೆ ಬಜಾರಿನಲ್ಲಿ ಕಂಪ್ಯೂಟರ್ ಕ್ಲಾಸುಗಳು ಎದ್ದವು. ಮಾಸ್ತರರ ಮಾಳಿಗೆಯ ಕಟಕಟ ತೆಳ್ಳಗಾಯಿತು. ಒಂದು ಬೆಳಗ್ಗೆ ಅದು ಒಮ್ಮೆಲೇ ನಿಂತಿತು. ಕ್ಲಾಸಿನ ಹುಡುಗಿಯರಿಬ್ಬರು ಮೆಟ್ಟಿಲಿಳಿದು ಓಡಿಬಂದರು. ನಾನು ಮೇಲೆ ಹೋದಾಗ ಅವರು ಮಶಿನ್ನಿನ ಪಕ್ಕ ಗೋಡೆಗೆ ಒರಗಿ ಕುಳಿತಿದ್ದರು, ಬಾಯಿ ಒಂದು ಕಡೆ ಸೊಟ್ಟಗಾಗಿತ್ತು. ನನ್ನನ್ನು ನೋಡಿ ಏನೋ ಹೇಳಹೋದರು. ಮಾತು ಬರಲಿಲ್ಲ. ಟ್ರ್ಯಾಕ್ಸ್ ಗಾಡಿ ಮಾಡಿಕೊಂಡು ಬೆಳಗಾವಿಗೆ ಒಯ್ದೆವು.

ಜೀವ ಉಳಿಯಿತು. ಬಲಗೈ, ಬಲಗಾಲು ಹೋಯಿತು. ಮಾತು ತಿರುಗಿ ಬಂದರೂ ಬರಬಹುದು ಎಂದು ಡಾಕ್ಟರು ಹೇಳಿದ್ದರು. ಬಂದದ್ದು ಒಂದೇ ಮಾತು: "ಹೌದ್ರಿ." ಹದಿನಾರರ ಹುಡುಗರಿಗೂ ಬಹುವಚನ ಹಚ್ಚಿ ಮಾತಾಡುತ್ತಿದ್ದ ಮನುಷ್ಯ, ಉಳಿದದ್ದು ಅದೊಂದು. ನೀರು ಬೇಕೇ ಎಂದರೆ ಹೌದ್ರಿ. ತಂದುಕೊಟ್ಟರೆ ತಳ್ಳಿಬಿಡುವರು. ನೋವು ಇದೆಯೇ, ಹೌದ್ರಿ. ಇಲ್ಲವೇ, ಹೌದ್ರಿ. ತಮ್ಮ ಬಾಯಿಂದ ತಪ್ಪು ಬಂತೆಂದು ಅವರಿಗೆ ಗೊತ್ತಾಗುತ್ತಿತ್ತು; ಕಣ್ಣು ಮುಚ್ಚಿ ಹಣೆ ಹೊಡೆದುಕೊಳ್ಳುವರು. ಒಳಗೆ ಎಲ್ಲ ಇತ್ತು, ಇಡೀ ಮನುಷ್ಯ ಇದ್ದರು, ಬಾಗಿಲು ಮಾತ್ರ ಜಾಮ್ ಆಗಿತ್ತು. ಊರಿನವರು ಬಂದು ಪಾಪ, ಏನೂ ತಿಳಿಯುವುದಿಲ್ಲ ಎಂದು ಅವರ ಎದುರಿಗೇ ಹೇಳಿ ಹೋಗುತ್ತಿದ್ದರು. ನನಗೆ ಅವರ ಕಪಾಳಕ್ಕೆ ಬಾರಿಸುವಷ್ಟು ಸಿಟ್ಟು ಬರುತ್ತಿತ್ತು. ಮಾತು ಬೆಳ್ಳಿ, ಮೌನ ಬಂಗಾರ ಅಂತಾರಲ್ಲ, ಹಾಗೆ ಹೇಳಿದವನನ್ನು ಒಂದು ಮಧ್ಯಾಹ್ನ ಆ ಮಂಚದ ಪಕ್ಕ ಕೂರಿಸಬೇಕಿತ್ತು.

ದೀಪಾವಳಿ ಆದ ಮೇಲೆ ಬುಕ್‌ಸ್ಟಾಲಿನವನು ಹೇಳಿಕಳಿಸಿದ. ಮೂರನೆಯ ಭಾಗ ಬಂದಿತ್ತು... ನಾನು ಆ ಪುಸ್ತಕವನ್ನು ಬಿಚ್ಚಿಯೂ ನೋಡದೆ ಪೇಪರಿನಲ್ಲಿ ಸುತ್ತಿಕೊಂಡು ತಂದೆ. ಅಂಗಡಿಯ ಹಿಂದೆ ಕೂತು ಸೀಮೆಎಣ್ಣೆಯಲ್ಲಿ ಕೈ ತಿಕ್ಕಿ, ಮೇಲೆ ಸೋಪು ಹಚ್ಚಿ, ಉಗುರ ಸಂದಿಯ ಗ್ರೀಸನ್ನು ಕಡ್ಡಿಯಿಂದ ತೆಗೆದೆ. ನನ್ನ ಮದುವೆಯ ದಿನವೂ ನಾನು ಅಷ್ಟು ಕೈ ತೊಳೆದಿರಲಿಲ್ಲ. ಇನ್ನು ಓದಬೇಕಾದವನು ನಾನೇ.

ಪುಸ್ತಕ ನೋಡಿ ಅವರ ಮುಖ ಅರಳಿದ್ದನ್ನು ಏನೆಂದು ಬರೆಯಲಿ. ಎಡಗೈಯಲ್ಲಿ ಹಿಡಿದು ಮೂಸಿದರು. "ಹೌದ್ರಿ, ಹೌದ್ರಿ," ಎಂದರು. ಅವರ ಹೆಂಡತಿಯನ್ನು ನಾನು ವೈನಿ ಎನ್ನುತ್ತಿದ್ದೆ. ವೈನಿ ಸೆರಗಿನಿಂದ ಕಣ್ಣೊರೆಸಿಕೊಂಡು ಒಳಗೆ ಚಹಕ್ಕಿಡಲು ಹೋದರು. ಅಂದಿನಿಂದ ದಿನಾ ಮಧ್ಯಾಹ್ನ ಅಂಗಡಿ ಮುಚ್ಚಿ ನಾನು ಅವರ ಮನೆಗೆ. ನನ್ನ ಓದು ಎಂಥದು? ಸೈಕಲ್ ಕಲಿಯುವವನಂತೆ ಪ್ರತಿ ಒತ್ತಕ್ಷರಕ್ಕೂ ಬೀಳುವುದು. ಇನ್ಸ್‌ಪೆಕ್ಟರಿಗೂ ಮುದುಕಿಗೂ ಒಂದೇ ದನಿ. ಅವರು ತಾಳ್ಮೆಗೆಟ್ಟು ಎಡಗೈಯಿಂದ ಗಾಳಿಯಲ್ಲಿ ಹೀಗಲ್ಲ, ಹೀಗೆ ಎಂದು ತಾಳ ಹಾಕುವರು. ಆದರೆ ನಗುವ ಜಾಗಕ್ಕೆ ಸರಿಯಾಗಿ ನಗುತ್ತಿದ್ದರು. ಬೆಕ್ಕಿನ ವಿಷಯ ಬಂದಾಗ ಅವರೂ ನಾನೂ ಒಟ್ಟಿಗೇ ಮುಖ ಎತ್ತಿದೆವು. ಇಬ್ಬರಿಗೂ ಆ ಬಸ್ಸಿನ ಅಜ್ಜಿ ನೆನಪಾಗಿದ್ದಳು.

ಒಂದು ದಿನ ಹಾಳೆ ಮಗುಚಿದರೆ ಕೊನೆಯ ಅಧ್ಯಾಯ. ನಾನು ಓದು ನಿಲ್ಲಿಸಿದೆ. ನಾನು ಏನೂ ಹೇಳಬೇಕಾಗಿರಲಿಲ್ಲ, ಅವರೇ ಕೈ ಚಾಚಿ ಪುಸ್ತಕ ಮುಚ್ಚಿ ಅದರ ಮೇಲೆ ಅಂಗೈ ಊರಿದರು. ಎಡದ ಅಂಗೈ. ನನ್ನ ಮುಖವನ್ನೇ ನೋಡಿದರು. ನಾನು, ಡಾಕ್ಟರ್ ಎಂದೆ. ಅವರು ನಕ್ಕರು. ಗೇಲಿಯ ನಗುವೋ, ತಾನೂ ಅದನ್ನೇ ಅಂದುಕೊಂಡೆ ಎಂಬ ನಗುವೋ, ತಿಳಿಯಲಿಲ್ಲ. ಆಮೇಲೆ ಅವರ ಸರದಿ. ತುಟಿ ಕೂಡಿಸಿದರು, ಕುತ್ತಿಗೆಯ ನರ ಉಬ್ಬಿತು, ಅಷ್ಟು ವರ್ಷ ಬಚ್ಚಿಟ್ಟ ಆ ಹೆಸರು ಬಾಯಿಯ ತನಕ ಬಂದದ್ದು ನನಗೆ ಕಾಣುತ್ತಿತ್ತು. ಹೊರಬಿದ್ದದ್ದು, "ಹೌದ್ರಿ."

ನಾನು ಒಂದೊಂದೇ ಹೆಸರು ಕೇಳುತ್ತ ಹೋದೆ.

"ಅಳಿಯಾ ಏನ್ರಿ ಮಾಸ್ತರ?"

"ಹೌದ್ರಿ."

"ಮುನೀಮಾ?"

"ಹೌದ್ರಿ."

"ತಂಗಿ?"

"ಹೌದ್ರಿ."

"ಮತ್ತ ನಾ ಹೇಳಿದಂಗ ಡಾಕ್ಟರಾ?"

"ಹೌದ್ರಿ... ಹೌದ್ರಿ," ಎಂದವರೇ ಮುಖವನ್ನು ಗೋಡೆಯ ಕಡೆ ತಿರುಗಿಸಿದರು. ಕೈ ಮಾತ್ರ ಪುಸ್ತಕದ ಮೇಲಿಂದ ತೆಗೆಯಲಿಲ್ಲ.

ವೈನಿ ಪಾಟಿ ಬಳಪ ತಂದುಕೊಟ್ಟರು. ಎಡಗೈಯ ಗೀಟುಗಳು ಗೀಟುಗಳಾಗಿಯೇ ಉಳಿದವು. ಆಗ ನನಗೆ ಹೊಳೆಯಿತು: ಟೈಪ್‌ರೈಟರ್. ಬಾಯಿ ಮರೆತರೆ ಏನಾಯಿತು, ಮೂವತ್ತು ವರ್ಷದ ಬೆರಳು ಮರೆಯುತ್ತದೆಯೇ? ಮರುದಿನ ಮಾಳಿಗೆಯಿಂದ ಒಂದು ಮಶಿನ್ ಹೊತ್ತು ತಂದೆ, ಎಣ್ಣೆ ಬಿಟ್ಟೆ, ಹಾಳೆ ಏರಿಸಿ ಅವರ ಮುಂದೆ ಇಟ್ಟೆ. ಅವರು ಬೆನ್ನು ನೆಟ್ಟಗೆ ಮಾಡಿ ಕುಳಿತ ರೀತಿ ನೋಡಿ ವೈನಿ ದೇವರ ಕಡೆ ತಿರುಗಿ ಕೈಮುಗಿದರು. ಎಡಗೈಯ ನಾಲ್ಕು ಬೆರಳು ತಮ್ಮ ತಮ್ಮ ಜಾಗಕ್ಕೆ ತಾವೇ ಹೋಗಿ ಕೂತವು. ಎ ಎಸ್ ಡಿ ಎಫ್. ಟೈಪಿಂಗಿನ ಮೊದಲ ಪಾಠ. ಎಡಗೈ ನಾಲ್ಕು ಅಕ್ಷರ ಹೊಡೆಯಬೇಕು, ಆಮೇಲೆ ಬಲಗೈ ನಾಲ್ಕು. ಅವರು ಎಡಗೈಯದನ್ನು ಹೊಡೆದು ನಿಲ್ಲಿಸಿದರು. ತೊಡೆಯ ಮೇಲೆ ಬಿದ್ದಿದ್ದ ಬಲಗೈಯನ್ನು ನೋಡಿದರು. ಅದರ ಸರದಿಗೆ ಕಾದರು... ಅದು ಏಳಲಿಲ್ಲ. ಮತ್ತೆ ಎ ಎಸ್ ಡಿ ಎಫ್. ಮತ್ತೆ ಕಾದರು. ಹಾಳೆ ತುಂಬ ಅದೇ ನಾಲ್ಕು ಅಕ್ಷರ, ಒಂದೂ ತಪ್ಪಿಲ್ಲ. ನಾನು ನೋಡಲಾರದೆ ಎದ್ದು ಹಿತ್ತಲಿಗೆ ಹೋಗಿ ನಿಂತೆ. ನಟ್ಟು ಬಿಗಿಯುವ, ಬಿಚ್ಚುವ ಕೈ ನನ್ನದು. ಅಲ್ಲಿ ಬಿಚ್ಚಲು ನನಗೆ ಏನೂ ಇರಲಿಲ್ಲ.

ಅದರ ಮರುದಿನವೂ ಹೋದೆ, ಆಮೇಲೂ ಹೋದೆ. ಹೆಸರು ಇರಲಿ ಬಿಡಿ, ಓದಿಬಿಡೋಣ, ಸೋತವನು ನಾನೇ, ಗಿರಮಿಟ್ಟು ನಾನೇ ತರಿಸುತ್ತೇನೆ ಎಂದು ಬೇಡಿಕೊಂಡೆ. ಅವರು ಕೈ ಎತ್ತಲಿಲ್ಲ. ಹಟ ಎನ್ನುವಿರಾ? ನನಗೆ ಹಾಗೆ ಕಾಣಲಿಲ್ಲ. ಅವರ ಪಾಲಿಗೆ, ಕೇಳಲು ಕೂತವರಲ್ಲಿ ಒಬ್ಬ ಇನ್ನೂ ಬಂದಿರಲಿಲ್ಲ. ಆ ಒಬ್ಬ ಅವರೇ. ಬರುತ್ತಾನೆಂದು ಅವರೂ ಕಾದರು, ನಾನೂ ಕಾದೆ. ಸಂಕ್ರಾಂತಿ ಹತ್ತಿರ ಬಂದಾಗ ಎರಡನೆಯ ಹೊಡೆತ ಬಂತು. ಈ ಸಲ ಬೆಳಗಾವಿಯ ತನಕ ಹೋಗುವ ಮಾತೇ ಇರಲಿಲ್ಲ.

ದಿನಕರ್ಮಗಳೆಲ್ಲ ಮುಗಿದ ಮೇಲೆ ವೈನಿ ಪುಸ್ತಕವನ್ನು ತಂದು ನನ್ನ ಕೈಗೆ ಕೊಟ್ಟರು. ಮಾಸ್ತರರು ಯಾವಾಗಲಾದರೂ ಆ ಹೆಸರನ್ನು ವೈನಿಯ ಕಿವಿಗಾದರೂ ಹಾಕಿದ್ದರೇ ಎಂದು ಕೇಳಿದೆ. ಕೇಳಬಾರದಿತ್ತೇನೋ, ಆದರೂ ಕೇಳಿದೆ. ಅವರು ಅಳುತ್ತಲೇ ಸ್ವಲ್ಪ ನಕ್ಕರು.

"ನನಗ ಹೇಳಿದ್ರ ನಾ ನಿಮಗ ಹೇಳಿಬಿಡ್ತೇನಿ ಅಂತ ಅವರಿಗೆ ಗೊತ್ತಿತ್ರಿ ಅಣ್ಣಾರ. ಅದಕ್ಕ ಹೇಳಲಿಲ್ಲ. ನೀವರೆ ಓದ್ರಿ ಇನ್ನ."

ಓದಿದೆ. ಅಂಗಡಿಯಲ್ಲಿ, ಆ ಕಬ್ಬಿಣದ ಖುರ್ಚಿಯ ಎದುರಿಗೆ ಕೂತು, ಅದೇ ಮಧ್ಯಾಹ್ನದ ಹೊತ್ತಿಗೆ. ಕೈ ತೊಳೆಯಲಿಲ್ಲ, ಆ ಕೊನೆಯ ಹಾಳೆಗಳ ತುಂಬ ನನ್ನ ಕರಿ ಹೆಬ್ಬೆಟ್ಟುಗಳಿವೆ. ಡಾಕ್ಟರು ಅಲ್ಲ. ನಾನು ಸೋತಿದ್ದೆ. ಅಣ್ಣನಿಗೆ ವಿಷ ಕೊಡಿಸಿದವಳು ಆ ಮನೆಯಲ್ಲಿ ಯಾರೂ ಲೆಕ್ಕಕ್ಕೇ ಹಿಡಿಯದಿದ್ದ ವಿಧವೆ ತಂಗಿ. ಕೈಗೆ ಬಂದ ತುತ್ತು ಬಾಯಿಗೆ ಬರಲಿಲ್ಲ ಅಂತಾರೆ. ನನ್ನ ತುತ್ತು ಬಾಯಿಗೂ ಬಂತು, ನುಂಗಲಾಗಲಿಲ್ಲ.

ಗುಜರಿಯವನು ಬೀಡಿ ಸೇದಿ ಮುಗಿಸಿ, ಆಯಿತೇನು ಎಂದು ಕೇಳಿದ. ಸ್ಕ್ರೂ ಸಡಿಲವಾಗಿತ್ತು. ಅದು ಮಾಸ್ತರರ ಮಶಿನ್ ಅಲ್ಲ, ಅವರವೆಲ್ಲ ಎಂದೋ ಯಾರಿಗೋ ಹೋದವು. ಇದು ರಾಮದುರ್ಗದ ಯಾವುದೋ ಆಫೀಸಿನದಂತೆ. ಅವನು ಗಾಡಿ ತಳ್ಳಿಕೊಂಡು ಹೋದ ಮೇಲೂ ವಾಸನೆ ಸ್ವಲ್ಪ ಹೊತ್ತು ಅಂಗಡಿಯಲ್ಲಿತ್ತು. ವರ್ಷಗಳಿಂದ ಮಾಡುತ್ತ ಬಂದದ್ದನ್ನೇ ನಾನು ಮತ್ತೆ ಮಾಡಿದೆ. ಮನಸ್ಸಿನಲ್ಲೇ ಆ ಮಂಚದ ಪಕ್ಕ ಹೋಗಿ ಕೂತು ಹೆಸರುಗಳನ್ನು ಒಂದೊಂದಾಗಿ ಕೇಳಿದೆ. ತಂಗಿ ಎಂದಾಗ ಅವರ ದನಿ ಒಂದಿಷ್ಟಾದರೂ ಬೇರೆಯಿತ್ತೇ, ಕಣ್ಣು ಹೊಳೆಯಿತೇ, ಪುಸ್ತಕದ ಮೇಲಿನ ಬೆರಳು ಅಲುಗಿತೇ... ನೆನಪಿಲ್ಲ. ನಾನು ಆಗಲೇ ಮುಂದಿನ ಹೆಸರಿಗೆ ಹೋಗಿದ್ದೆ. ತಂಗಿಯ ಹೆಸರಿಗೂ ಅವರು ಹೌದ್ರಿ ಎಂದಿದ್ದರು, ಅಷ್ಟು ನಿಜ. ಎಲ್ಲ ಹೆಸರಿಗೂ ಎಂದಿದ್ದರು.